ರೂಯಿಚಿನ್ ಬರೆದ ಅನ್ನದ ಪ್ರೋಗ್ರಾಂ

ಬೆಳಕು ಹರಿಯುವ ಮೊದಲೇ ರೂಯಿಚಿನ್ ಗಂಜಿಗೆ ಇಟ್ಟಿದ್ದಳು, ಗಂಡನ ಬುತ್ತಿ ಕಟ್ಟಿದ್ದಳು, ಅತ್ತೆಗೆ ಬಿಸಿನೀರು ಕಾಯಿಸಿದ್ದಳು, ತೀರಿಹೋದ ಹಿರಿಯರ ಪೀಠಕ್ಕೆ ಚಹಾ ಇಟ್ಟಿದ್ದಳು, ಮನೆಮಂದಿಯ ಬಟ್ಟೆ ಒಗೆದು ಹರವಿದ್ದಳು. ನಡುನಡುವೆ, ಒಲೆಯ ಹಿಂದಿನ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ ಯಂತ್ರಕ್ಕೆ ಕೆಲಸ ಹೇಳುವ ಅಸೆಂಬ್ಲಿ ಭಾಷೆಯ ಆಜ್ಞೆಗಳನ್ನು ಬಾಯಿಪಾಠ ಮಾಡಿದ್ದಳು. ಎರಡು ಆಜ್ಞೆ ತಲೆಗೆ ಹತ್ತುವಷ್ಟರಲ್ಲಿ ಗಂಜಿ ಉಕ್ಕಿತ್ತು. ಗಂಜಿ ಒರೆಸುವಷ್ಟರಲ್ಲಿ ಆ ಎರಡೂ ಮರೆತಿದ್ದವು.

ಜೂಬೇ ಊರಿನ ರೈಸ್ ಕುಕ್ಕರ್ ಕಾರ್ಖಾನೆಯಲ್ಲಿ ಅವಳದು ಬೆಸುಗೆ ಹಾಕುವ ಕೆಲಸ. ಈಚೆಗೆ ಕುಕ್ಕರಿನೊಳಗೆ ಚಿಪ್ ಬಂದಿತ್ತು. ಅದಕ್ಕೆ ಪ್ರೋಗ್ರಾಂ ಬರೆಯುವ ಪರೀಕ್ಷೆ ಗೆದ್ದವರಿಗೆ ಹೊಗೆಯಿಲ್ಲದ ಕೋಣೆಯಲ್ಲಿ ಒಂದು ಮೇಜು. ಆ ಮೇಜು ಅವಳಿಗೆ ಬೇಕಿತ್ತು. ಈ ವಯಸ್ಸಿಗೆ ಇದೆಂಥ ಹುಚ್ಚು ಎಂದು ಬೇರೆಯವರು ನಗುವ ಮೊದಲೇ ತಾನೇ ನಕ್ಕು ಹೆಸರು ಕೊಟ್ಟಿದ್ದಳು.

ಅವಳ ಮೊದಲ ಪ್ರೋಗ್ರಾಂ ಚಿಕ್ಕದು: ಬಿಸಿ ಮಾಡು, ಕಾಯುತ್ತಿರು, ಆರಿಸು, ಕೂಗು. ಕುಕ್ಕರ್ ಎಲ್ಲವನ್ನೂ ಮಾಡಿತು. ಆಮೇಲೆ ದೀಪ ಮಿಟುಕಿಸಿ, ಮತ್ತೆ ಬಿಸಿಯಾಗಿ, ಮೈಮೇಲೆ ಬಂದಂತೆ ಅರಚತೊಡಗಿತು.

ಕಲಿಸುತ್ತಿದ್ದ ಇಂಜಿನಿಯರ್ ವೆನ್ ವೈರು ಕಿತ್ತ. "ಅಕ್ಕಾ, ಕೊನೇ ಸಾಲು ಆದ್ಮೇಲೆ ಅದೇನ್ ಮಾಡ್ಬೇಕು?"

"ಇನ್ನೇನ್ ಸರ್, ಮುಂದಿನ ಕೆಲ್ಸ."

"ಮುಂದೆ ನೀವೇನೂ ಬರ್ದೇ ಇಲ್ವಲ್ಲ!"

"ಕಣ್ಣಿಗೆ ಬಿದ್ದಿದ್ದು ಮಾಡುತ್ತೆ ಅನ್ಕೊಂಡೆ."

"ಅದನ್ನೇ ಮಾಡಿದ್ದು! ಮೆಮೊರಿಲಿ ಬಿದ್ದಿದ್ದ ಕಸನೆಲ್ಲ ಆಜ್ಞೆ ಅಂತ ಓದ್ಕೊಂಡು ಕುಣೀತು. ಇಲ್ಲೇ ನಿಂತಿರು ಅಂತ ಒಂದು ಸಾಲು ಬರೀಬೇಕಕ್ಕಾ."

ರೂಯಿಚಿನ್ ಹೊಟ್ಟೆ ಹಿಡಿದು ನಕ್ಕಳು. ಸಾಕು ನಿಲ್ಲು ಎಂದು ಯಾರಿಗಾದರೂ ಹೇಳಬೇಕಾಗುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಪಾಪದ ಕುಕ್ಕರನ್ನೂ ಸೊಸೆ ಮಾಡಿಟ್ಟಿದ್ದಳು.

ಪರೀಕ್ಷೆ ಏಳನೇ ತಿಂಗಳ ಹುಣ್ಣಿಮೆಯ ಮಧ್ಯಾಹ್ನ ಬಿತ್ತು. ಅಲೆಯುವ ದೆವ್ವಗಳಿಗೆ ಬಾಗಿಲ ಮುಂದೆ ಎಡೆ ಇಡುವ ಹೊತ್ತೂ ಅದೇ. ದಿನ ಗೊತ್ತುಮಾಡಿದ ವೆನ್ ಬ್ರಹ್ಮಚಾರಿ. ಅವನ ಎಡೆಯನ್ನು ಅವನ ತಾಯಿ ಬೇಯಿಸುತ್ತಾಳೆ.

"ಅವ್ರು ಬರೋದು ವರ್ಷಕ್ಕೊಂದ್ಸಲ ಕಣೇ," ಎಂದಳು ಅತ್ತೆ. "ನಿನ್ನ ಕುಕ್ಕರ್ ಎಲ್ಲಿಗೂ ಓಡೋಗಲ್ಲ."

"ಪರೀಕ್ಷೆನೂ ಒಂದೇ ಸಲ, ಅತ್ತೆ."

"ಹಂಗಾದ್ರೆ ದೆವ್ವಗಳ ಹತ್ರ ನೀನೇ ಮಾತಾಡ್ಕೋ." ಅತ್ತೆ ಛತ್ರಿ ಹಿಡಿದು ದೇವಸ್ಥಾನಕ್ಕೆ ಹೊರಟುಹೋದಳು.

ಮನೆಯಲ್ಲಿ ಉಳಿದವಳು ರೂಯಿಚಿನ್ ಒಬ್ಬಳೇ. ಎಡೆಗೆ ಬೇಕಾದ ಮೂರರಲ್ಲಿ ಕೋಳಿ ಬೆಂದಿತ್ತು, ಹಂದಿಮಾಂಸ ಬೆಂದಿತ್ತು. ಮೀನು ಮಾತ್ರ ಹುರುಪೆಯನ್ನೂ ತೆಗೆಸಿಕೊಳ್ಳದೆ ಅವಳನ್ನೇ ನೋಡುತ್ತಿತ್ತು. ಅದನ್ನು ಹುರಿಯುತ್ತ ನಿಂತರೆ ಬಸ್ಸು ತಪ್ಪುತ್ತದೆ. ಕೈಗೆ ಸೌಟು ಬಂತು, ಕೆಳಗಿಟ್ಟಳು. ಹೊರಗಿನ ಮೇಜಿನ ಮೇಲೆ ಕೋಳಿ, ಮಾಂಸ, ಮದ್ಯ ಜೋಡಿಸಿದಳು. ಅಲೆದು ಬರುವ ಅತಿಥಿಗಳು ಮುಖ ತೊಳೆಯಲು ಬೋಗುಣಿ ನೀರು, ಟವೆಲ್ಲು ಇಟ್ಟಳು. ಮೀನಿನ ಜಾಗದಲ್ಲಿ ಅಂಗಡಿಯಿಂದ ತಂದ ಡಬ್ಬಿ ಮೀನು, ಅದರ ಪಕ್ಕದಲ್ಲೇ ಡಬ್ಬಿ ತೆರೆಯುವ ಕತ್ತಿ.

"ಇವತ್ತೊಂದಿನ ಡಬ್ಬಿ ನೀವೇ ತೆಕ್ಕೊಳಿ," ಎಂದು ಕೈಮುಗಿದು, ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿ, ಬಸ್ಸಿನ ಕಡೆ ನಡೆದಳು.