ದೇಕಾಳ ಕಲ್ಲು, ಮಾವನ ಮಾತ್ರೆ

ಹರ್ಗೇಸಾದ ಹಾಲಿನ ಮಾರ್ಕೆಟ್ಟಿನಲ್ಲಿ ಹದಿನಾಲ್ಕು ವರ್ಷದಿಂದ ದೇಕಾ ಕೂರುವ ಜಾಗ ಒಂದೇ, ಬೇವಿನ ಮರದ ಬುಡ. ಬೆಳಿಗ್ಗೆ ಒಂಟೆ ಹಾಲಿನ ಕ್ಯಾನು ಇಳಿಸಿಕೊಂಡರೆ ಸಂಜೆಯವರೆಗೆ ಏಳುವಂತಿಲ್ಲ. ಎದ್ದು ಹೋದವಳ ಜಾಗಕ್ಕೆ ಇನ್ನೊಬ್ಬಳ ಕ್ಯಾನು ಬಂದು ಕೂರುತ್ತದೆ. ಹೆಂಗಸರಿಗೊಂದು ಕಕ್ಕಸು ಕಟ್ಟಿಸಬೇಕೆಂದು ಊರಿನ ದೊಡ್ಡವರಿಗೆ ಇಷ್ಟು ವರ್ಷವಾದರೂ ಹೊಳೆದಿಲ್ಲ. ಇರುವುದೊಂದು ಮಸೀದಿಯ ಹಿಂದೆ, ಹೋಗಿ ಬರಲು ಅರ್ಧ ತಾಸು. ಹಾಗಾಗಿ ದೇಕಾ ಊರಿಗೆಲ್ಲ ಹಾಲು ಅಳೆದು ಕೊಟ್ಟು, ತಾನು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಕುಡಿದರೆ ತಾನೆ ಏಳಬೇಕಾದ್ದು?

ಕಲ್ಲಾಗದೆ ಇನ್ನೇನಾದೀತು! ಒಂದು ಮಧ್ಯಾಹ್ನ ಬೆನ್ನಿನಿಂದ ತೊಡೆಸಂದಿಯವರೆಗೆ ನೋವು ಎಳೆದು, ಕ್ಯಾನಿನ ಮೇಲೆಯೇ ಕುಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಇದಿಲ್ ಸ್ಕ್ಯಾನ್ ಮಾಡಿಸಿ ಚಿತ್ರ ತೋರಿಸಿದರು. ಕಿಡ್ನಿಯಿಂದ ಮೂತ್ರ ಇಳಿಯುವ ನಾಳದಲ್ಲಿ ಆರು ಮಿಲಿಮೀಟರಿನ ಕಲ್ಲು ಸಿಕ್ಕಿಕೊಂಡಿತ್ತು. ಕಲ್ಲಿನ ಗಾತ್ರವೊಂದನ್ನೇ ನೋಡಿದರೆ ಸಾಲದು, ಅದನ್ನು ಹಿಡಿದಿರುವ ನಾಳದ ಗೋಡೆಯನ್ನೂ ಅಳೆಯಬೇಕು ಅಂದರು. ಗೋಡೆ ಊದಿ ದಪ್ಪವಾಗಿದ್ದರೆ ಮಾತ್ರೆಯಿಂದ ಪ್ರಯೋಜನ ಕಡಿಮೆ. ಆಪರೇಷನ್ನಿಗೆ ಪಕ್ಕದ ದೇಶದ ಆಡಿಸ್ ಅಬಾಬಾಕ್ಕೆ ಹೋಗಬೇಕು. ದೇಕಾಳದ್ದು ತೆಳ್ಳಗಿತ್ತು. ನಾಳ ಸಡಿಲಿಸುವ ಮಾತ್ರೆ ದಿನಕ್ಕೊಂದು ನುಂಗಿ, ನೀರು ಚೆನ್ನಾಗಿ ಕುಡಿದರೆ ಕಲ್ಲು ತಾನಾಗಿ ಇಳಿಯುವ ಸಂಭವವೇ ಹೆಚ್ಚು. ಆದರೆ ದೇಕಾಳ ಕಿವಿಗೆ ಬಿದ್ದದ್ದು ಆಡಿಸ್ ಅಬಾಬಾ ಒಂದೇ. ಅಲ್ಲಿಗೆ ಹೋಗಿ ಮಲಗಿ ಬರುವಷ್ಟರಲ್ಲಿ ಬೇವಿನ ಬುಡ ಬೇರೆಯವರ ಪಾಲು.

ಔಷಧಿ ಅಂಗಡಿಯವನು ಚೀಟಿ ನೋಡಿ, ಮನೆಯಲ್ಲಿ ಯಾವ ಮುದುಕರಿಗೆ ಮೂತ್ರ ಕಟ್ಟಿದೆ ಎಂದು ಕೇಳಿದ. ಇದು ವಯಸ್ಸಾದ ಗಂಡಸರ ಮಾತ್ರೆಯಂತೆ. ಕಲ್ಲು ಇಳಿಸಲಿಕ್ಕೂ ಇದನ್ನೇ ಕೊಡುತ್ತಾರೆ ಅಂತ ಒಂದು ಮಾತು ಹೇಳಬಾರದಿತ್ತೇ, ಪುಣ್ಯಾತ್ಮ! ಡಾಕ್ಟರಮ್ಮ ಚೀಟಿ ಅದಲುಬದಲು ಮಾಡಿದ್ದಾರೆಂದುಕೊಂಡ ದೇಕಾ, ದಂಡ ಮಾಡುವುದೇಕೆಂದು ಮಾತ್ರೆಗಳನ್ನು ಮಾವ ರೋಬ್ಲೆಗೆ ಕೊಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಗೆ ವಾಸಿಯೂ ಆಯಿತು. ರಾತ್ರಿಗೆ ಆರು ಸಲ ಏಳುತ್ತಿದ್ದ ಮುದುಕ ಬೆಳಗಿನ ನಮಾಜಿನವರೆಗೆ ಗೊರಕೆ ಹೊಡೆದ, ಸೊಸೆಯ ಗುಣಗಾನವನ್ನು ಬೀದಿಗೆಲ್ಲ ಸಾರಿದ. ದೇಕಾ ಮಾತ್ರ ಹಲ್ಲು ಕಚ್ಚಿಕೊಂಡು ಹಾಲು ಅಳೆದಳು.

ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಕಲ್ಲು ಒಂದಿಷ್ಟೂ ಕದಲಿರಲಿಲ್ಲ. ಇದಿಲ್ ಅಳೆದರು, ಮತ್ತೊಮ್ಮೆ ಅಳೆದರು.

"ಗೋಡೆ ಇನ್ನೂ ತೆಳ್ಳಗೇ ಇದೆ. ಕಲ್ಲು ಒಂಚೂರಾದ್ರೂ ಇಳೀಬೇಕಿತ್ತು. ನಿಜ ಹೇಳಮ್ಮ, ಮಾತ್ರೆ ತಗೊಂಡ್ಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ದೇಕಾಳಿಗೆ.

"ನಮ್ಮ ಮಾವ ತಗೊಂಡ್ರು," ಅಂದಳು.

ಇದಿಲ್ ನಗು ತಡೆಯಲಾರದೆ ನಕ್ಕರು, ಆಮೇಲೆ ಚೆನ್ನಾಗಿ ಬೈದರು. ಮುದುಕ ತಲೆ ತಿರುಗಿ ಬಿದ್ದಿದ್ದರೆ ಯಾರು ಗತಿ? ಅವನನ್ನೂ ಕರೆತರಬೇಕು, ಪರೀಕ್ಷಿಸಿ ಅವನ ಹೆಸರಿಗೇ ಚೀಟಿ ಬರೆಯುತ್ತೇನೆ ಅಂದರು. ಇನ್ನು ಗೋಡೆ ಸದಾ ಹೀಗೇ ಇರುವುದಿಲ್ಲ. ತಡಮಾಡಿದರೆ ಊದಿಕೊಂಡೀತು, ಆಗ ಆಡಿಸ್ ಅಬಾಬಾವೇ ಗತಿ. ಮಾತ್ರೆಯ ಜೊತೆ ನೀರು ಕುಡಿಯಲೇಬೇಕು. ನೀರಿನ ಮಾತಿಗೆ ದೇಕಾ ಅತ್ತೇಬಿಟ್ಟಳು. ಮಾತ್ರೆಯನ್ನೇನೋ ನುಂಗಬಹುದು, ಜಾಗ ಬಿಟ್ಟು ಏಳುವುದು ಹೇಗೆ?

ಸಂಜೆ ಮಾವನಿಗೆ ಎಲ್ಲ ಹೇಳಿದಳು. ರೋಬ್ಲೆ ಒಂಟೆ ಕಾಯ್ದು ಬಾಳಿದವನು. ಹಾಲು ಮಾರುವ ಗಂಡಸು ಗಂಡಸೇ ಅಲ್ಲ ಎನ್ನುತ್ತಿದ್ದವನು. ಅಂಥವನು ಮರುದಿನ ಹತ್ತು ಗಂಟೆಗೆ ಕೋಲೂರಿಕೊಂಡು ಮಾರ್ಕೆಟ್ಟಿಗೆ ಬಂದು, ದೊಡ್ಡದೊಂದು ಬಾಟಲಿ ನೀರನ್ನು ಸೊಸೆಯ ಕೈಗಿಟ್ಟ. ಆಕೆ ಕುಡಿದ ಮೇಲೆ, ಹೋಗಿ ಬಾ ಎಂದು ಎಬ್ಬಿಸಿ, ತಾನು ಕ್ಯಾನಿನ ಹಿಂದೆ ಕುಕ್ಕರಿಸಿದ. ಸಾಲಿನ ಹೆಂಗಸರು ಸುಮ್ಮನಿದ್ದಾರೆಯೇ? ಅಜ್ಜ ಯಾವಾಗ ಹೆಂಗಸಾದ್ದು ಎಂದು ಒಬ್ಬಳು ಕೆಣಕಿದಳು.

"ಸೊಸೆ ಮಾತ್ರೆ ನುಂಗಿದೋನು ನಾನು. ಅವಳ ಜಾಗದಲ್ಲಿ ಕೂತ್ರೆ ನಂಗೇನು ಕಮ್ಮಿ ಆಗುತ್ತೆ?" ಅಂದ ರೋಬ್ಲೆ.

ದಿನವೂ ಬಂದ. ಹನ್ನೊಂದನೆಯ ದಿನ, ಮೂತ್ರ ಸೋಸಲೆಂದು ದೇಕಾ ಹಿಡಿದಿದ್ದ ಚಹಾ ಜಾಲರಿಯಲ್ಲಿ ಗೋಧಿಕಾಳಿನಷ್ಟು ಕಂದು ಕಲ್ಲು ಬಿತ್ತು. ಇಷ್ಟೇ ಇಷ್ಟಿರುವುದು ತನ್ನನ್ನು ಇಷ್ಟು ಗೋಳಾಡಿಸಿತೇ ಎಂದು ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಇದಿಲರಿಗೆ ತೋರಿಸಿ ಬಂದು, ಇನ್ನು ಮನೆಯಲ್ಲೇ ಆರಾಮಾಗಿರಿ ಎಂದು ಮಾವನಿಗೆ ಹೇಳಿದಳು.

ಮರುದಿನ ಹತ್ತು ಗಂಟೆಗೆ ರೋಬ್ಲೆ ಮತ್ತೆ ಬಂದ. ಈ ಸಲ ಹೆಗಲ ಚೀಲದಲ್ಲಿ ಏಳು ಬಾಟಲಿ ನೀರಿತ್ತು, ಸಾಲಿನ ಹೆಂಗಸರಿಗೆಲ್ಲ ಒಂದೊಂದು.

"ಕುಡೀರಿ," ಅಂದ. "ಒಬ್ಬೊಬ್ರಾಗಿ ಹೋಗಿ ಬನ್ನಿ. ಜಾಗ ನಾನು ನೋಡ್ಕೋತೀನಿ."