ಹಾಡು ಮುಗಿದ ಮೇಲಿನ ಅಕ್ಕ

ಮೊನ್ನೆ ರಾಣೆಬೆನ್ನೂರು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಹಳೆಯ ಇಂಗ್ಲಿಷ್ ಹಾಡೊಂದು ಕಿವಿಗೆ ಬಿತ್ತು. ಅದು ತನ್ನ ಮೊಬೈಲಿಗೆ ಹೇಗೆ ಬಂತೆಂದು ಅಂಗಡಿಯವನಿಗೇ ಗೊತ್ತಿರಲಿಲ್ಲ. ಖಾಲಿ ಗೋದಾಮಿನಲ್ಲಿ ಬಾರಿಸಿದಂಥ ಡ್ರಮ್ಮು, ಅದರ ಮೇಲೆ ಬಿಡದೆ ಗೋಳಿಡುವ ಗಿಟಾರು. ನನ್ನ ಕೈಯಲ್ಲಿದ್ದ ಚಹಾದ ಬಶಿ ಹಾಗೇ ನಿಂತಿತು. ಬೀಜದಂಗಡಿಯಲ್ಲಿ ಗೋವಿನಜೋಳ ತೂಗುವ ನನಗೂ ಇಂಥ ಸಂಗೀತಕ್ಕೂ ಏನು ಸಂಬಂಧ ಎಂದು ನೀವು ನಗಬಹುದು. ಸಂಬಂಧ ಬ್ಯಾಡಗಿಯದು, ಅಕ್ಕ ಗಿರಿಜಾಳ ಕಡೆಯಿಂದ ಬಂದದ್ದು.

ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲರು. ಕುಮಾರಪಟ್ಟಣದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಅವರ ಟೇಪ್ ರೆಕಾರ್ಡರನ್ನು ಮಾಮಾ ಕೊಂಡು ತಂದರು. ಜೊತೆಗೆ ಒಂದು ರಟ್ಟಿನ ಡಬ್ಬಿಯ ತುಂಬ ಇಂಗ್ಲಿಷ್ ಕ್ಯಾಸೆಟ್ಟುಗಳು ಪುಕ್ಕಟೆ ಬಂದವು. ಎಲ್ಲ ಎಂಬತ್ತರ ದಶಕದ ಕೊನೆಯವು, ಆ ಸಾಹೇಬರ ಕಾಲೇಜು ದಿನಗಳವು. ಹೆಸರು ನಮಗೆ ಬಾಯಿಗೆ ಬರುತ್ತಿರಲಿಲ್ಲ. ಕವರಿನ ಮೇಲಿನ ಗಂಡಸರ ಜಡೆ ನೋಡಿ ಅಕ್ಕ, “ಯವ್ವಾ, ಇವರ ತಲಿಗೆ ಎಷ್ಟ ಎಣ್ಣಿ ಬೇಕಾಗತಿದ್ದೀತು!” ಎಂದು ನಕ್ಕಿದ್ದಳು.

ಒಂದು ದಿನ ಮಾಮಾಗೆ ಯಂತ್ರದ ರೆಕಾರ್ಡಿಂಗ್ ಪರೀಕ್ಷಿಸುವ ಹುಕಿ ಬಂತು. ಕಂಪನಿ ಕ್ಯಾಸೆಟ್ಟಿನ ನೆತ್ತಿಯ ತೂತಿಗೆ ಕಾಗದ ತುರುಕಿದರೆ ಅದರ ಮೇಲೂ ರೆಕಾರ್ಡ್ ಆಗುತ್ತದೆಂಬುದು ಆಗ ಮನೆಮನೆಯ ವಿದ್ಯೆ. ಒಂದು ಕ್ಯಾಸೆಟ್ಟಿನ ಹಾಡುಗಳೆಲ್ಲ ಮುಗಿದ ಮೇಲೆ ಉಳಿದ ಖಾಲಿ ಜಾಗದಲ್ಲಿ ಅಕ್ಕನಿಗೆ ಮಾತಾಡು ಎಂದರು. “ಮಾತಾಡಂದ್ರ ಏನ ಮಾತಾಡ್ಲಿ? ರೊಟ್ಟಿ ಆರಾಕತ್ತಾವು, ಏಳ್ರಿ,” ಅಂದಳು, ನಕ್ಕಳು. ಅಷ್ಟೇ.

ಮುಂದಿನ ಮಳೆಗಾಲ ಜ್ವರವೆಂದು ಹಾವೇರಿ ದವಾಖಾನೆಗೆ ಸೇರಿದವಳು ಮನೆಗೆ ಬರಲಿಲ್ಲ.

ಆಮೇಲೆ ಪ್ರತಿ ರವಿವಾರ ನಾನು ಬ್ಯಾಡಗಿಗೆ ಹೋಗುತ್ತಿದ್ದೆ. ಮಾಮಾ ಆ ಕ್ಯಾಸೆಟ್ ಹಾಕುತ್ತಿದ್ದರು. ಟೇಪನ್ನು ಮುಂದೆ ಓಡಿಸುವ ಗುಂಡಿ ಕೆಟ್ಟಿತ್ತು. ಅಕ್ಕನ ಒಂದು ಮಾತಿಗಾಗಿ ಅಷ್ಟೂ ಹಾಡು ಕೇಳಲೇಬೇಕು. ಹೀಗೆ ನಾವಿಬ್ಬರು ಆ ಸಂಗೀತದ ರಸಿಕರಾದೆವು! ಒಬ್ಬ ಯಾರ ಮೇಲೋ ಸಿಟ್ಟಿನಿಂದ ಚೀರುತ್ತಿದ್ದ. ಇನ್ನೊಂದು ಹಾಡಿನಲ್ಲಿ ಬರೀ ಪಿಯಾನೋ. ಹಾಡುವವನು ಯಾರನ್ನೋ ಅಂಗಲಾಚುತ್ತಿದ್ದ. “ಈತಂದೂ ಯಾರೋ ಹೋಗ್ಯಾರ ನೋಡು,” ಅಂದಿದ್ದರು ಮಾಮಾ. ನಮ್ಮ ಭಜನೆಗೆ ಮಂಗಳವಿದೆ, ಮುಗಿಯಿತೆಂದು ಗೊತ್ತಾಗುತ್ತದೆ. ಇವರ ಹಾಡುಗಳು ಹಾಡುತ್ತ ಹಾಡುತ್ತಲೇ ಸಣ್ಣಗಾಗಿ ದೂರ ಹೋಗಿಬಿಡುತ್ತವೆ. ಅದರಿಂದ ನನಗೆ ತೀರ ಸಂಕಟವಾಗುತ್ತಿತ್ತು.

ಮಾಮಾನ ತಾಯಿ ನೀಲವ್ವ ಆ ಗದ್ದಲ ಶುರುವಾದೊಡನೆ ಮಠಕ್ಕೆ ಹೊರಡುತ್ತಿದ್ದರು. ಅದರ ಕೊನೆಯಲ್ಲಿ ಏನಿದೆಯೆಂದು ಅವರಿಗೆ ತಿಳಿಯದು. ಸತ್ತ ಹೆಂಡತಿಗಾಗಿ ಹಂಬಲಿಸುವುದನ್ನು ಹಡೆದ ತಾಯಿಯ ಮುಂದೆ ತೋರಿಸುವ ಗಂಡಸು ನಮ್ಮ ಕಡೆ ಎಲ್ಲಿದ್ದಾನೆ?

ವರ್ಷದ ತಿಥಿಗೆ ಭಜನೆಯ ಮೇಳ ಕರೆಸಿದ್ದರು. ಮಾಮಾ ಮತ್ತು ನಾನು ಹಿತ್ತಲಲ್ಲಿ ಊಟಕ್ಕೆ ಬಡಿಸುತ್ತಿದ್ದೆವು. ಸೊಸೆಯ ಹೆಸರಿನ ಭಜನೆ ಮನೆಯಲ್ಲಿ ಉಳಿಯಲಿ ಎಂದು ನೀಲವ್ವ ಮೇಳದವರಿಗೆ ರೆಕಾರ್ಡ್ ಮಾಡಲು ಹೇಳಿದರಂತೆ. ಮನೆಯಲ್ಲಿ ದೇವರ ಕ್ಯಾಸೆಟ್ಟುಗಳು ಬೇಕಾದಷ್ಟಿದ್ದವು. “ದೇವರ ಹಾಡು ಅಳಸಬ್ಯಾಡ್ರಿ, ಪಾಪ ಹತ್ತತೈತಿ. ಟೇಪಿನೊಳಗ ಇಂಗ್ಲಿಷಂದು ಐತಲ್ಲ, ಅದರ ಮ್ಯಾಲೆ ಮಾಡ್ರಿ. ಯಾರಿಗೆ ತಿಳೀತೈತಿ ಅದು?” ಅಂದರಂತೆ. ನೆತ್ತಿಯ ಕಾಗದ ಇನ್ನೂ ಹಾಗೇ ಇತ್ತು. ಅದನ್ನು ತೆಗೆಯಬೇಕೆಂದು ನಮಗೆ ಹೊಳೆದೇ ಇರಲಿಲ್ಲ.

ತಿಥಿಯ ಮುಂದಿನ ರವಿವಾರ ಮಾಮಾ ಗುಂಡಿ ಒತ್ತಿದರು. ಡ್ರಮ್ಮಿನ ಬದಲು ತಾಳ ಕೇಳಿತು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆದರೂ ಅವರು ಏಳಲಿಲ್ಲ. ಕೊನೆಯ ತನಕ ಕೂತರು, ನಾನೂ ಕೂತೆ. ಮಂಗಳವಾಯಿತು. ಅಕ್ಕನ ಮಾತಿರಬೇಕಾದ ಜಾಗದಲ್ಲಿ ನೀಲವ್ವನ ದನಿ ಬಂತು: “ಗಿರಿಜಾ, ಕೇಳಿದೇನವಾ? ನಿನ್ನ ಸಲುವಾಗೇ ಹಾಡಿಸೇನಿ.” ಅಕ್ಕ ಬದುಕಿದ್ದಾಗ ಅವರು ಒಮ್ಮೆಯೂ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. “ಏ, ಇಲ್ಲಿ ನೋಡ” ಎಂಬುದೇ ಅವಳ ಹೆಸರಾಗಿತ್ತು.

ಅಂದು ಮಠಕ್ಕೆ ಹೋಗದೆ ನೀಲವ್ವ ಬಾಗಿಲಲ್ಲೇ ನಿಂತಿದ್ದರು. “ಹ್ಯಾಂಗ ಬಂದೈತೋ?”

“ಛಲೋ ಬಂದೈತಿ ಬೇ,” ಅಂದರು ಮಾಮಾ. ಅದಕ್ಕಿಂತ ಹೆಚ್ಚು ಇಂದಿಗೂ ಅವರು ಹೇಳಿಲ್ಲ.

ಚಹಾದಂಗಡಿಯ ಹಾಡು ಸಣ್ಣಗಾಗುತ್ತ ಹೋಯಿತು. ಮುಗಿದೊಡನೆ ನಾನು ಮನಸ್ಸಿನಲ್ಲೇ ಅಕ್ಕನ ಮಾತು ಹೇಳಿಕೊಂಡೆ. ರೊಟ್ಟಿ, ಆರುವುದು, ಏಳ್ರಿ ಎಲ್ಲ ಬಂತು. ಆದರೆ ಕೇಳಿಸಿದ್ದು ನನ್ನದೇ ದನಿ. ಎಷ್ಟು ಹೆಣಗಿದರೂ ಅವಳ ದನಿ ಬರಲಿಲ್ಲ. ಮಾಮಾನಿಗಾದರೂ ಅದು ನೆನಪಿದೆಯೇ ಎಂದು ಕೇಳೋಣವೆಂದು ಬ್ಯಾಡಗಿ ಬಸ್ಸು ಹತ್ತಿದೆ. ಮನೆಗೆ ಹೋದೆ, ಉಂಡೆ, ಪೇಟೆಯ ಧಾರಣೆ ಮಾತಾಡಿದೆ, ಎದ್ದು ಬಂದೆ. ಕೇಳಲಿಲ್ಲ. ಅವರೂ ಇಲ್ಲ ಎಂದುಬಿಟ್ಟರೆ?