ತುಂಬು ಅಳತೆಯ ಅಕ್ಕ

ಮಾಮೂಲಿಗಿಂತ ದೊಡ್ಡ ಅಳತೆಯ ಬಟ್ಟೆಯನ್ನು ಎಲ್ಲರೂ 'ಪ್ಲಸ್ ಸೈಜ್' ಎನ್ನುತ್ತಾರೆ. ರೆಡಿಮೇಡ್ ಅಂಗಡಿಯ ಅಕ್ಕನ ಬಾಯಲ್ಲಿ ಮಾತ್ರ ಅದು 'ತುಂಬು ಅಳತೆ'. ಬೇರೆಯವರು ಹಿಂದಿನ ಮೂಲೆಗೆ ತಳ್ಳುವ ಈ ಉಡುಪುಗಳು ಅವಳ ಅಂಗಡಿಯಲ್ಲಿ ಬಾಗಿಲಿಗೆದುರೇ ತೂಗುತ್ತವೆ. ಯಾರಾದರೂ ದನಿ ತಗ್ಗಿಸಿ, "ನನ್ನ ಸೈಜು ಇರಲಿಕ್ಕಿಲ್ಲ, ಅಲ್ವಾ?" ಎಂದರೆ, "ಯಾಕಮ್ಮ ಪಿಸುಗುಡ್ತೀಯ, ಕದ್ದ ಮಾಲು ಕೇಳ್ತಿದೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ನಗುತ್ತಾಳೆ. "ಕಪ್ಪು ಹಾಕಿದ್ರೆ ತೆಳ್ಳಗೆ ಕಾಣ್ತೀನಂತೆ" ಎಂದವರ ಮುಂದೆ ಬೇಕೆಂದೇ ಕಡುಗೆಂಪು ಉಡುಪು ಹರಡುತ್ತಾಳೆ. ಗಾಜಿನ ಹಿಂದಿನ ಬೊಂಬೆಗೆ ಹತ್ತಿ ಸುತ್ತಿ ತೋಳು, ಸೊಂಟ ತುಂಬಿಸಿದವಳೂ ಅವಳೇ. ಅದು ಅವಳ ತಾಯಿಯ ಅಳತೆ. ಮೈಗೆ ಹೊಂದುವ ಒಳ್ಳೆಯ ಉಡುಪು ಸಿಗಲಿಲ್ಲವೆಂದು ನಾಚಿ, ಆ ತಾಯಿ ಇದೇ ಮಗಳ ಮದುವೆಯ ಫೋಟೋದಲ್ಲಿ ಎಲ್ಲರ ಬೆನ್ನ ಹಿಂದೆ ನಿಂತುಬಿಟ್ಟಿದ್ದಳು. ಈಗ ಹೊಸ ಮಾಲು ಬಂದಾಗಲೆಲ್ಲ ಅಕ್ಕ ಮೊದಲ ಉಡುಪನ್ನು ಬೊಂಬೆಗೇ ತೊಡಿಸಿ, ಗಾಜಿಗೆ ತಾಗುವಷ್ಟು ಎಳೆದು, "ಮುಂದೆ ಬಾಮ್ಮ, ಎಲ್ಲರಿಗೂ ಕಾಣಬೇಕು" ಎನ್ನುತ್ತಾಳೆ.